ಲಿನಕ್ಸ್‌ಗೆ ಬಂದ ಮೇಲೆ ಕನ್ನಡ ಕೆಟ್ಟಿದೆಯೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ತಿಪಟೂರಿನಲ್ಲಿರುವ ನಮ್ಮ ದೊಡ್ಡಪ್ಪ ನಿವೃತ್ತ ಮೇಷ್ಟ್ರು. ಅವರ ಕಂಪ್ಯೂಟರ್‌ಗೆ ಹನ್ನೊಂದು ವರ್ಷ ಆಗಿದೆ, ಆದರೂ ಗಟ್ಟಿಯಾಗಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಅದು ಆ ಹಳೆಯ ಬೋರ್ಡಿನಲ್ಲಿ ಇಲ್ಲ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಇಬ್ಬರಿಗೂ ಮನಸ್ಸು ಬರಲಿಲ್ಲ. 4 ಜಿಬಿ ರ‍್ಯಾಮ್‌ಗೆ ಹಗುರವಾಗಿರಲಿ ಎಂದು, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಕಡತಗಳನ್ನೆಲ್ಲ ಮೊದಲೇ ಬೇರೆ ಹಾರ್ಡ್ ಡಿಸ್ಕ್‌ಗೆ ಎತ್ತಿಟ್ಟಿದ್ದೆ, ಆಮೇಲೆ ವಾಪಸ್ ಹಾಕಿದೆ. ನೆಟ್, ಪ್ರಿಂಟರ್, ಸ್ಪೀಕರ್ ಎಲ್ಲ ಸರಿಯಾಗಿತ್ತು. ಬೆಂಗಳೂರಿಗೆ ಬಂದುಬಿಟ್ಟೆ.

ಮಾರನೇ ದಿನ ಬೆಳಿಗ್ಗೆ ಫೋನ್ ಬಂತು. “ಮಗಾ, ನನ್ನ ಕನ್ನಡ ಎಲ್ಲ ಹೋಯ್ತಲ್ಲೋ. ಇಪ್ಪತ್ತು ವರ್ಷದ್ದು.”

ಹೋಗಿರಲಿಲ್ಲ. ಆದರೆ ಆ ದನಿ ಕೇಳಿದ ಮೇಲೆ ಈ ವಿಷಯವನ್ನು ಬೇರುಮಟ್ಟದಿಂದ ತಿಳಿದುಕೊಳ್ಳಲೇಬೇಕು ಅನ್ನಿಸಿತು. ಲಿನಕ್ಸ್‌ಗೆ ಬರುವ ಕನ್ನಡಿಗರಲ್ಲಿ ಹಲವರು ವಾಪಸ್ ಹೋಗುವುದು ಇದೇ ಜಾಗದಲ್ಲಿ. ನೆಟ್ ಬರುತ್ತದೆ, ವಿಡಿಯೊ ಓಡುತ್ತದೆ, ಕನ್ನಡ ಮಾತ್ರ ಕೈಕೊಡುತ್ತದೆ. “ಲಿನಕ್ಸ್‌ನಲ್ಲಿ ಕನ್ನಡ ಬರಲ್ಲ” ಅಂದುಬಿಡುತ್ತಾರೆ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ತೊಂದರೆ ಎಲ್ಲಿದೆ ಎಂದು ಗುರುತಿಸಬೇಕು, ಅಷ್ಟೇ.

ಮೊದಲು ಮೂರು ಜಾಗ ನೋಡಿ

ಏನನ್ನೂ ಬದಲಾಯಿಸುವ ಮುಂಚೆ ಐದು ನಿಮಿಷ ಸುಮ್ನೆ ನೋಡಿ. ಫೈರ್‌ಫಾಕ್ಸ್ ತೆರೆದು ಕನ್ನಡ ವಿಕಿಪೀಡಿಯಕ್ಕೆ ಹೋಗಿ. ಅಲ್ಲಿ ಅಕ್ಷರಗಳು ಸರಿಯಾಗಿ ಕಂಡರೆ ನಿಮ್ಮ ಲಿನಕ್ಸ್‌ಗೆ ಕನ್ನಡ ತೋರಿಸಲು ಬರುತ್ತದೆ ಎಂದಾಯಿತು. ಆಮೇಲೆ ನಿಮ್ಮ ಹಳೆಯ ಕಡತವೊಂದನ್ನು, ವರ್ಡ್ ಬದಲಿಗೆ ಲಿನಕ್ಸ್‌ನಲ್ಲಿ ಬಳಸುವ ಲಿಬ್ರೆಆಫೀಸ್‌ನಲ್ಲಿ ತೆರೆಯಿರಿ. ಕೊನೆಗೆ ಖಾಲಿ ಟೆಕ್ಸ್ಟ್ ಎಡಿಟರ್‌ನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಲು ನೋಡಿ. ವೆಬ್ ಪುಟ, ಹಳೆಯ ಕಡತ, ಕೀಲಿಮಣೆ. ಈ ಮೂರರಲ್ಲಿ ಯಾವುದು ಕೆಟ್ಟಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ದೊಡ್ಡಪ್ಪನ ಯಂತ್ರದಲ್ಲಿ ವಿಕಿಪೀಡಿಯ ಸರಿಯಾಗಿತ್ತು, ಕಡತ ಕೆಟ್ಟಿತ್ತು. ನಾನು ಅದನ್ನು ಮೊದಲೇ ಕೇಳಬೇಕಿತ್ತು. ಕೇಳದೆ, ಫಾಂಟ್ ತೊಂದರೆ ಇರಬೇಕು ಅಂದುಕೊಂಡು ಫೋನಿನಲ್ಲೇ, “ದೊಡ್ಡಪ್ಪ, ಎಲ್ಲ ಸೆಲೆಕ್ಟ್ ಮಾಡಿ ಫಾಂಟ್‌ನ ನೋಟೊ ಸಾನ್ಸ್ ಕನ್ನಡ ಅಂತ ಇಟ್ಟು ಸೇವ್ ಮಾಡಿ” ಎಂದೆ. ಅದು ತಪ್ಪು ಸಲಹೆ. ಯಾಕೆ ಎಂದು ಮುಂದೆ ಹೇಳುತ್ತೇನೆ. ಬೇರೆ ಡಿಸ್ಕ್‌ನಲ್ಲಿ ಮೂಲ ಪ್ರತಿ ಇದ್ದದ್ದರಿಂದ ಬಚಾವಾದೆವು.

ವೆಬ್ ಪುಟದಲ್ಲೂ ಚೌಕಗಳು ಕಂಡರೆ

ಇದು ಸುಲಭದ್ದು. ಅಕ್ಷರದ ಜಾಗದಲ್ಲಿ ಪುಟ್ಟ ಪುಟ್ಟ ಚೌಕ ಕಾಣುತ್ತಿದ್ದರೆ ಯಂತ್ರದಲ್ಲಿ ಕನ್ನಡ ಫಾಂಟೇ ಇಲ್ಲ. ಫೈರ್‌ಫಾಕ್ಸ್‌ನಲ್ಲಾದರೆ ಆ ಚೌಕದೊಳಗೆ ಚಿಕ್ಕದಾಗಿ ಸಂಖ್ಯೆಯೂ ಇರುತ್ತದೆ. ಅದು 0ಸಿ80ರಿಂದ 0ಸಿಎಫ್‌ಎಫ್ ಒಳಗಿದ್ದರೆ ಬರಹ ಸರಿಯಾದ ಯೂನಿಕೋಡ್ ಕನ್ನಡವೇ. ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಟ್ಟಿರುವ ಜಾಗತಿಕ ಪದ್ಧತಿ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹುಡುಕಿ ಲೋಹಿತ್ ಕನ್ನಡ, ನೋಟೊ, ಗುಬ್ಬಿ, ನವಿಲು ಇವುಗಳಲ್ಲಿ ಒಂದೆರಡು ಹಾಕಿಕೊಳ್ಳಿ. ಎಲ್ಲವೂ ಮುಕ್ತ ಫಾಂಟ್‌ಗಳು, ಹಂಚಬಹುದು, ಪುಸ್ತಕದಲ್ಲೂ ಬಳಸಬಹುದು. ಬ್ರೌಸರ್ ಮುಚ್ಚಿ ತೆರೆದರೆ ಸರಿಹೋಗುತ್ತದೆ.

ಹಳೆಯ ಕಡತ ಇಂಗ್ಲಿಷ್ ಕಸದಂತೆ ಕಂಡರೆ

ದೊಡ್ಡಪ್ಪನ ತೊಂದರೆ ಇದೇ. ‘ಕನ್ನಡ’ ಎಂಬ ಪದ ಇರಬೇಕಾದಲ್ಲಿ ದೊಡ್ಡ ಪಿ, ತಲೆಯ ಮೇಲೆ ಗೀಟು ಇರುವ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೊಂದು ಎ. ಪುಟದ ತುಂಬ ಪೌಂಡ್ ಚಿಹ್ನೆ ಚೆಲ್ಲಿದ್ದರೆ ಅನುಮಾನವೇ ಬೇಡ. ಅದು ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಬಳಸುವ ಫಾಂಟಿನಲ್ಲಿ, ಬರೆದದ್ದು. ಆ ಪೌಂಡ್ ಚಿಹ್ನೆಯೇ ನಮ್ಮ ‘ನ’.

ಹೀಗ್ಯಾಕೆ ಅಂದರೆ, ಆಗಿನ ಕಾಲದಲ್ಲಿ ಹೆಚ್ಚಿನವರು ಹಿಡಿದ ದಾರಿ ಅದು. ವಿಂಡೋಸ್‌ಗೆ ಕನ್ನಡ ಫಾಂಟ್ ಬಂದದ್ದು 2001ರಲ್ಲಿ, ಎಕ್ಸ್‌ಪಿ ಜೊತೆ, ತುಂಗಾ ಎಂಬ ಹೆಸರಲ್ಲಿ. ಅದಕ್ಕೆ ಮುಂಚೆ ಕಂಪ್ಯೂಟರ್‌ಗೆ ಸಾಮಾನ್ಯವಾಗಿ ಗೊತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಅಕ್ಷರಗಳ ಮನೆಗಳು, ಅಂದರೆ ಸಂಖ್ಯೆಗಳು. ನಮ್ಮವರು ಆ ಮನೆಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳ ಚಿತ್ರ ಕೂರಿಸಿದರು. ಅದರಿಂದಲೇ ಸಾವಿರಾರು ಪುಸ್ತಕ, ಪತ್ರ, ಆದೇಶಗಳು ಅಚ್ಚಾದವು. ಅದು ದೊಡ್ಡ ಕೆಲಸ, ಅದರ ಮೇಲೆ ನನಗೆ ಗೌರವವಿದೆ. ಆದರೆ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ. ಕನ್ನಡವಾಗಿ ಕಾಣಿಸುತ್ತಿದ್ದದ್ದು ಫಾಂಟ್. ಹೊಸದಾಗಿ ಹಾಕಿದ ಲಿನಕ್ಸ್‌ನಲ್ಲಿ ಆ ಫಾಂಟ್ ಇಲ್ಲ, ಅದಕ್ಕೇ ಮುಸುಕು ಜಾರಿತು.

ಖಚಿತ ಮಾಡಿಕೊಳ್ಳಲು ಎರಡು ಪರೀಕ್ಷೆಗಳಿವೆ. ಲಿಬ್ರೆಆಫೀಸ್ ರೈಟರ್‌ನಲ್ಲಿ ಕಡತದ ಒಂದು ಅಕ್ಷರದ ಪಕ್ಕ, ಬಲಕ್ಕೆ, ಕರ್ಸರ್ ಇಟ್ಟು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಅಕ್ಷರ ಮಾಯವಾಗಿ ಅದರ ಸಂಖ್ಯೆ ಬರುತ್ತದೆ. ಕನ್ನಡ ‘ಕ’ ಆದರೆ 0ಸಿ95. ಕನ್ನಡದ ಯಾವ ಅಕ್ಷರವಾದರೂ ಸಂಖ್ಯೆ 0ಸಿ80ರಿಂದ 0ಸಿಎಫ್‌ಎಫ್ ಒಳಗೇ ಇರಬೇಕು. 0050, 00ಎ3 ಹೀಗೆ ಬಂದರೆ ಅದು ಆಸ್ಕಿ. ಮತ್ತೊಮ್ಮೆ ಆಲ್ಟ್, ಎಕ್ಸ್ ಒತ್ತಿದರೆ ಅಕ್ಷರ ವಾಪಸ್ ಬರುತ್ತದೆ. ಎರಡನೆಯದು ಇನ್ನೂ ಸುಲಭ. ಆ ಸಾಲಿನ ಮೇಲೆ ಕ್ಲಿಕ್ ಮಾಡಿ ಮೇಲಿನ ಪಟ್ಟಿಯಲ್ಲಿ ಫಾಂಟಿನ ಹೆಸರು ಓದಿ. ನುಡಿ ಎಂದೋ ಬಿಆರ್‌ಎಚ್ ಎಂದೋ ಓರೆ ಅಕ್ಷರದಲ್ಲಿ ಹೆಸರಿದ್ದರೆ, ಆ ಫಾಂಟ್ ಕಡತದಲ್ಲಿ ನಮೂದಾಗಿದೆ ಆದರೆ ಯಂತ್ರದಲ್ಲಿಲ್ಲ ಎಂದರ್ಥ.

ಈಗ ನನ್ನ ತಪ್ಪು ಸಲಹೆಯ ವಿಷಯ. ಕಡತದಲ್ಲಿ ದೊಡ್ಡ ಪಿ ಎಂಬ ಅಕ್ಷರ ಇದೆ ಎಂದುಕೊಳ್ಳಿ. ಅದು ‘ಪಿಯುಸಿ’ ಎಂದು ಇಂಗ್ಲಿಷಿನಲ್ಲೇ ಬರೆದದ್ದರ ಪಿ ಇರಬಹುದು, ಇಲ್ಲವೇ ‘ಕ’ದ ತುಂಡು ಇರಬಹುದು. ಎರಡಕ್ಕೂ ಸಂಖ್ಯೆ ಒಂದೇ. ಯಾವುದು ಯಾವುದು ಎಂದು ಹೇಳುವ ಗುರುತು ಒಂದೇ ಒಂದು, ಫಾಂಟಿನ ಹೆಸರು. ಎಲ್ಲ ಸೆಲೆಕ್ಟ್ ಮಾಡಿ ಫಾಂಟ್ ಬದಲಾಯಿಸಿ ಸೇವ್ ಮಾಡಿದರೆ ಆ ಗುರುತು ಅಳಿಸಿಹೋಗುತ್ತದೆ. ಕಸ ಕಸವಾಗಿಯೇ ಉಳಿಯುತ್ತದೆ, ಜೊತೆಗೆ ಇಂಗ್ಲಿಷ್ ಎಲ್ಲಿ, ಕನ್ನಡ ಎಲ್ಲಿ ಎಂಬುದೂ ತಿಳಿಯದಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಕಡತ ಎಷ್ಟೇ ವಿಕಾರವಾಗಿ ಕಂಡರೂ ಪರಿವರ್ತನೆ ಮುಗಿಯುವವರೆಗೆ ಫಾಂಟ್ ಮುಟ್ಟಬೇಡಿ.

ಬರೀ ಓದಬೇಕು, ಪ್ರಿಂಟ್ ತೆಗೆಯಬೇಕು ಎಂದರೆ ನುಡಿ ಅಥವಾ ಬರಹ ಇರುವ ವಿಂಡೋಸ್ ಯಂತ್ರದಿಂದ ಆ ಫಾಂಟ್ ಕಡತಗಳನ್ನೇ ತಂದು ಹಾಕಿಕೊಂಡರೆ ಸಾಕು. ಫಾಂಟ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸ್ಥಾಪಿಸುವ ಗುಂಡಿ ಬರುತ್ತದೆ. ಕಡತ ಮೊದಲಿನಂತೆ ಕಾಣುತ್ತದೆ. ದೊಡ್ಡಪ್ಪನಿಗೆ ಅವತ್ತು ಸಂಜೆ ಇಷ್ಟು ಮಾಡಿಕೊಟ್ಟೆ, ಅವರ ಜೀವಕ್ಕೆ ಸಮಾಧಾನವಾಯಿತು. ಆದರೆ ಅಲ್ಲಿಗೇ ನಿಲ್ಲಿಸಬೇಡಿ ಎಂದು ನನ್ನ ಕೋರಿಕೆ. ಆ ಕಡತದಲ್ಲಿ ಕನ್ನಡ ಪದ ಹುಡುಕಲು ಆಗುವುದಿಲ್ಲ, ಮೊಬೈಲಿಗೆ ಕಳಿಸಿದರೆ ಅಲ್ಲಿ ಮತ್ತೆ ಕಸ. ಇನ್ನು ಹತ್ತು ವರ್ಷ ಬಿಟ್ಟು ಮೊಮ್ಮಕ್ಕಳು ತೆರೆದರೆ ಏನೆಂದು ಅವರಿಗೆ ತಿಳಿಯುವುದೂ ಇಲ್ಲ.

ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಹಲವಿವೆ. ನುಡಿಯಲ್ಲೂ ಬರಹದಲ್ಲೂ ಇವೆ, ಬ್ರೌಸರ್‌ನಲ್ಲೇ ಕೆಲಸ ಮಾಡುವ ಮುಕ್ತ ತಂತ್ರಾಂಶದ ಪರಿವರ್ತಕಗಳೂ ಇವೆ. ಪೂರ್ತಿ ಕನ್ನಡವೇ ಇರುವ ಕಡತವಾದರೆ ಇಡೀ ಬರಹ ನಕಲು ಮಾಡಿ ಅಲ್ಲಿ ಹಾಕಿ, ಬಂದದ್ದನ್ನು ಹೊಸ ಕಡತಕ್ಕೆ ತನ್ನಿ. ನಡುನಡುವೆ ಇಂಗ್ಲಿಷ್ ಇದ್ದರೆ ಹುಷಾರು. ಪರಿವರ್ತಕಕ್ಕೆ ಫಾಂಟ್ ಕಾಣುವುದಿಲ್ಲ, ಇಂಗ್ಲಿಷ್ ಪದಗಳನ್ನೂ ಕನ್ನಡ ಮಾಡಿ ಕೂರುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ ಹೀಗಿದೆ. ರೈಟರ್‌ನ ಹುಡುಕು ಮತ್ತು ಬದಲಿಸು ಕಿಟಕಿಯಲ್ಲಿ ಇತರ ಆಯ್ಕೆಗಳನ್ನು ತೆರೆದರೆ ಫಾರ್ಮ್ಯಾಟ್ ಎಂಬ ಗುಂಡಿ ಇದೆ. ಅಲ್ಲಿ ಪಾಶ್ಚಾತ್ಯ ಫಾಂಟ್ ಎಂಬ ಕಡೆ ಆ ನುಡಿ ಫಾಂಟಿನ ಹೆಸರು ಕೊಟ್ಟು, ಎಲ್ಲ ಹುಡುಕು ಎಂದು ಒತ್ತಿ. ನುಡಿಯಲ್ಲಿ ಬರೆದ ಭಾಗಗಳಷ್ಟೇ ಒಟ್ಟಿಗೆ ಆಯ್ಕೆಯಾಗುತ್ತವೆ. ಅವಕ್ಕೆ ಕೆಂಪು ಬಣ್ಣ ಕೊಡಿ. ಈಗ ಕೆಂಪಗಿರುವುದನ್ನು ಮಾತ್ರ ಪರಿವರ್ತಿಸುತ್ತಾ ಹೋಗಿ. ನಿಧಾನದ ಕೆಲಸ, ನಿಜ. ಆದರೆ ತಪ್ಪು ಬಹಳ ಕಮ್ಮಿ.

ಪರಿವರ್ತನೆ ಆದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಮೊದಲು ನೋಡಿ. ಸೂರ್ಯ, ಕಾರ್ಯ, ವರ್ಷ, ಕರ್ನಾಟಕ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ವ್ಯಂಜನದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವಂತೆ ‘ರ್’ ಮೊದಲು ಬರಬೇಕು. ಪರಿವರ್ತಕ ಇದನ್ನು ಹಿಂದೆ ಮುಂದೆ ಮಾಡಬೇಕಾಗುತ್ತದೆ, ಎಡವುವುದಿದ್ದರೆ ಇಲ್ಲೇ ಎಡವುತ್ತದೆ. ಆಮೇಲೆ ಆವರಣ ಚಿಹ್ನೆ, ಉದ್ಧರಣ ಚಿಹ್ನೆಗಳ ಮೇಲೆ ಕಣ್ಣಾಡಿಸಿ. ಪರಿವರ್ತನೆ ಮಾಡಿದ ಮೇಲೂ ಅರ್ಥವಿಲ್ಲದ ಕನ್ನಡ ಬಂದರೆ ಕಡತ ಶ್ರೀಲಿಪಿಯಂಥ ಬೇರೆ ಕುಟುಂಬದ ಫಾಂಟಿನಲ್ಲಿ ಇರಬಹುದು. ಅದರ ಮನೆಗಳ ಹಂಚಿಕೆಯೇ ಬೇರೆ, ಅದಕ್ಕೆ ತಕ್ಕ ಪರಿವರ್ತಕ ಬೇಕು.

ಕಡತ ಕನ್ನಡವೇ, ಆದರೆ ಪುಟಗಳು ಅಸ್ತವ್ಯಸ್ತ

ವಿಂಡೋಸ್‌ನಲ್ಲಿ 12 ಪುಟ ಇದ್ದದ್ದು ಇಲ್ಲಿ 14 ಆಯಿತು, ಕೋಷ್ಟಕ ಕೆಳಗೆ ಜಾರಿತು. ಕಡತದಲ್ಲಿ ತುಂಗಾ ಅಥವಾ ನಿರ್ಮಲಾ ಯುಐ ಎಂದಿರುತ್ತದೆ. ಅವು ವಿಂಡೋಸ್ ಜೊತೆ ಬರುವ ಫಾಂಟುಗಳು, ಲಿನಕ್ಸ್‌ನಲ್ಲಿಲ್ಲ. ಲಿಬ್ರೆಆಫೀಸ್ ಬದಲಿಗೆ ಬೇರೊಂದನ್ನು ಹಾಕಿ ತೋರಿಸುತ್ತದೆ, ಅಕ್ಷರದ ಅಗಲ, ಸಾಲಿನ ಎತ್ತರ ಬದಲಾಗುತ್ತದೆ. ಇಲ್ಲಿ ಬರಹ ಯೂನಿಕೋಡ್ ಆದ್ದರಿಂದ ಫಾಂಟ್ ಬದಲಾಯಿಸಲು ಹೆದರಬೇಕಿಲ್ಲ.

ಬದಲಾಯಿಸಿದರೂ ಕನ್ನಡ ಅಕ್ಷರದ ಗಾತ್ರ ಕದಲುತ್ತಿಲ್ಲವೇ? ಲಿಬ್ರೆಆಫೀಸ್ ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಫಾಂಟ್ ಎಂದು ಬೇರೆ ಬೇರೆ ಲೆಕ್ಕ ಇಟ್ಟಿರುತ್ತದೆ. ಆಯ್ಕೆಗಳ ಭಾಷೆ ವಿಭಾಗಕ್ಕೆ ಹೋಗಿ ಸಂಕೀರ್ಣ ಲಿಪಿ ವಿನ್ಯಾಸ, ಅಂದರೆ ಸಿಟಿಎಲ್, ಎಂಬುದಕ್ಕೆ ಟಿಕ್ ಹಾಕಿ, ಪಕ್ಕದಲ್ಲಿ ಕನ್ನಡ ಆರಿಸಿ. ಆಮೇಲೆ ಅಕ್ಷರ ವಿನ್ಯಾಸದ ಕಿಟಕಿಯಲ್ಲಿ ಎರಡು ಭಾಗ ಕಾಣುತ್ತವೆ. ಕನ್ನಡದ ಗಾತ್ರವನ್ನು ಎರಡನೆಯದರಲ್ಲಿ ಬದಲಾಯಿಸಬೇಕು.

ಟೈಪ್ ಮಾಡಲು ಬರುತ್ತಿಲ್ಲ

ನುಡಿ ಬಳಸಿದವರ ಬೆರಳು ಸ್ಕ್ರಾಲ್ ಲಾಕ್ ಕಡೆಗೆ ತಾನಾಗಿ ಹೋಗುತ್ತದೆ. ಲಿನಕ್ಸ್‌ನಲ್ಲಿ ಐಬಸ್ ಎಂಬ, ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ತಂತ್ರಾಂಶ ಇದ್ದರೆ ಭಾಷೆ ಬದಲಾಯಿಸುವುದು ಸೂಪರ್, ಅಂದರೆ ವಿಂಡೋಸ್ ಗುರುತಿನ ಕೀಲಿ, ಮತ್ತು ಸ್ಪೇಸ್. ಬೇಕಾದರೆ ಐಬಸ್ ಸೆಟ್ಟಿಂಗ್‌ನಲ್ಲಿ ಬೇರೆ ಕೀಲಿ ಇಟ್ಟುಕೊಳ್ಳಬಹುದು.

ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್ ಮತ್ತು ಐಬಸ್-ಎಂ17ಎನ್ ಎರಡನ್ನೂ ಹಾಕಿಕೊಳ್ಳಿ. ಮಿಂಟ್‌ನಲ್ಲಿ ಇನ್‌ಪುಟ್ ಮೆಥಡ್ ಎಂಬಲ್ಲಿ ಐಬಸ್ ಆರಿಸಿ. ಲಾಗ್ ಔಟ್ ಮಾಡಿ ಮತ್ತೆ ಬನ್ನಿ. ಇದನ್ನು ಬಿಡಬೇಡಿ, “ಎಲ್ಲ ಮಾಡಿದೆ, ಆದರೂ ಬರ್ತಿಲ್ಲ” ಅನ್ನುವವರಲ್ಲಿ ಹಲವರು ಬಿಟ್ಟಿರುವುದು ಇದನ್ನೇ. ಆಮೇಲೆ ಐಬಸ್ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿ.

ಅಲ್ಲಿ ಕನ್ನಡದ ಕೆಳಗೆ ಕೆಜಿಪಿ, ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಎಂದು ಬೇರೆ ಬೇರೆ ವಿನ್ಯಾಸಗಳಿರುತ್ತವೆ. ನುಡಿ ಬೆರಳಿನವರಿಗೆ ಕೆಜಿಪಿ, ಅಂದರೆ ಕಗಪ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ಇದರ ಮೂಲ. ಎಫ್ ಒತ್ತಿದರೆ ಅರ್ಧಾಕ್ಷರ ಆಗುವುದು ಇಲ್ಲೂ ಹಾಗೇ ಇದೆ. ಇಂಗ್ಲಿಷ್ ಉಚ್ಚಾರದಂತೆ ಬರೆಯುವ ಅಭ್ಯಾಸ ಇದ್ದರೆ ಐಟ್ರಾನ್ಸ್ ಹತ್ತಿರ ಬರುತ್ತದೆ, ಪೂರ್ತಿ ಬರಹ ತಂತ್ರಾಂಶದಂತೆ ಇರುವುದಿಲ್ಲ.

ಇಲ್ಲೊಂದು ಗೊಂದಲ ತುಂಬ ಜನರನ್ನು ಕಾಡುತ್ತದೆ. ಲಿನಕ್ಸ್‌ನ ಕೀಲಿಮಣೆ ಸೆಟ್ಟಿಂಗ್‌ನಲ್ಲೂ ‘ಕನ್ನಡ, ಕಗಪ’ ಎಂಬ ವಿನ್ಯಾಸ ಸಿಗುತ್ತದೆ. ಹೆಸರು ನೋಡಿ ಖುಷಿಯಿಂದ ಅದನ್ನೇ ಹಾಕಿಕೊಳ್ಳುತ್ತೀರಿ. ವ್ಯಂಜನ ಸರಿಯಾಗಿ ಬರುತ್ತವೆ, ಕಾಗುಣಿತದಲ್ಲಿ ಕೈ ತಪ್ಪುತ್ತದೆ. ಕಾರಣ ಇದು. ಆ ಸೆಟ್ಟಿಂಗ್‌ಗೆ ಒಂದು ಕೀಲಿಗೆ ಒಂದು ಅಕ್ಷರ ಅಷ್ಟೇ ಗೊತ್ತು, ಹಿಂದೆ ಏನು ಬರೆದಿರಿ ಎಂದು ಅದು ನೋಡುವುದಿಲ್ಲ. ನುಡಿಯಲ್ಲಿ ಒಂದೇ ಕೀಲಿ ವ್ಯಂಜನದ ನಂತರ ಒತ್ತಿದರೆ ದೀರ್ಘವಾಗುತ್ತದೆ, ಪದದ ಮೊದಲಲ್ಲಿ ‘ಆ’ ಆಗುತ್ತದೆ. ಹಿಂದಿನ ಅಕ್ಷರ ನೋಡಿ ತೀರ್ಮಾನಿಸುವ ಕೆಲಸವನ್ನು ಐಬಸ್ ಒಳಗಿನ ಕೆಜಿಪಿ ಮಾಡುತ್ತದೆ. ಅದನ್ನೇ ಹಾಕಿಕೊಳ್ಳಿ, ಇನ್ನೊಂದನ್ನು ತೆಗೆದುಬಿಡಿ. ಎರಡೂ ಇದ್ದರೆ ಯಾವಾಗ ಯಾವುದರಲ್ಲಿದ್ದೀರಿ ಎಂದೇ ತಿಳಿಯುವುದಿಲ್ಲ.

ಟೆಕ್ಸ್ಟ್ ಎಡಿಟರ್‌ನಲ್ಲಿ ಬರುತ್ತದೆ, ಲಿಬ್ರೆಆಫೀಸ್‌ನಲ್ಲಿ ಮಾತ್ರ ಬರುವುದಿಲ್ಲ ಎಂದರೆ ಮೊದಲು ಲಿಬ್ರೆಆಫೀಸ್ ಪೂರ್ತಿ ಮುಚ್ಚಿ ತೆರೆಯಿರಿ. ಆಗಲೂ ಇಲ್ಲವಾದರೆ ಲಿಬ್ರೆಆಫೀಸ್-ಜಿಟಿಕೆ3 ಎಂಬ ಜೋಡಣೆ ಇದೆಯೇ ಎಂದು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ನೋಡಿ. ಫ್ಲ್ಯಾಟ್‌ಪ್ಯಾಕ್  (ಮಿಂಟ್‌ನ ಭಂಡಾರದ ಹೊರಗಿನಿಂದ ಬರುವ ಪ್ರತ್ಯೇಕ ಕಟ್ಟು) ಆಗಿ ಹಾಕಿಕೊಂಡಿದ್ದರೆ ಅದನ್ನು ತೆಗೆದು ಮಿಂಟ್‌ನದೇ ಭಂಡಾರದ ಆವೃತ್ತಿ ಹಾಕಿ ನೋಡಿ.

ಚುಕ್ಕಿಗಳ ವೃತ್ತವೊಂದು ನಡುವೆ ಕಂಡರೆ ಹೆದರಬೇಡಿ. ವ್ಯಂಜನ ಇಲ್ಲದೆ ಬರೀ ಕಾಗುಣಿತದ ಗುರುತು ಬಿದ್ದಿದೆ, ಅಳಿಸಿ ಮತ್ತೆ ಬರೆಯಿರಿ. ‘ಸಾಫ್ಟ್‌ವೇರ್’ ಎಂದು ಬರೆದದ್ದು ‘ಸಾಫ್ಟ್ವೇರ್’ ಎಂದು ಒತ್ತಕ್ಷರವಾದರೆ ನಡುವೆ ಕಾಣದ ಒಂದು ಗುರುತು ಬೇಕು. ರೈಟರ್‌ನಲ್ಲಿ ಆ ಜಾಗದಲ್ಲಿ 200ಸಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಆಲ್ಟ್, ಎಕ್ಸ್ ಒತ್ತಿ.

ಇನ್ನೂ ಹಾಕಿಲ್ಲದವರಿಗೆ

ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡಬಹುದು, ಹಾರ್ಡ್ ಡಿಸ್ಕ್ ಮುಟ್ಟುವುದಿಲ್ಲ. ಹೆಚ್ಚಿನವರು ಆಗ ವೈಫೈ, ಸೌಂಡ್ ನೋಡಿ ತೃಪ್ತರಾಗುತ್ತಾರೆ. ನೀವು ನಿಮ್ಮ ಕನ್ನಡ ಕಡತ ಹತ್ತನ್ನು ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಅಲ್ಲೇ ತೆರೆದು ನೋಡಿ. ತೀರ ಹಳೆಯದೊಂದು, ಕೋಷ್ಟಕ ಇರುವುದೊಂದು, ಇಂಗ್ಲಿಷ್ ಬೆರೆತದ್ದೊಂದು ಇರಲಿ. ಕಸವಾಗಿ ಕಂಡವೆಷ್ಟು ಎಂದು ಎಣಿಸಿ. ಜಾಸ್ತಿ ಇದ್ದರೆ ವಿಂಡೋಸ್ ಅಳಿಸಲು ಅವಸರ ಬೇಡ. ನುಡಿ, ಬರಹದ ಪರಿವರ್ತಕಗಳು ಅಲ್ಲೇ ಇರುವಾಗ ಪರಿವರ್ತನೆ ಮುಗಿಸಿಬಿಡಿ. ಮೂಲ ಕಡತಗಳ ಒಂದು ಪ್ರತಿಯನ್ನು ಯಾವತ್ತೂ ತಿದ್ದದೆ ಹಾಗೇ ಇಡಿ.

ನಾವು ದೊಡ್ಡಪ್ಪನ ಮುಖ್ಯ ಕಡತಗಳನ್ನು ಮೂರು ಭಾನುವಾರ ಕೂತು ಬದಲಾಯಿಸಿದೆವು. ಕೊನೆಯದು ಅವರ ಹಳೆಯ ವಿದ್ಯಾರ್ಥಿಗಳ ಹೆಸರುಪಟ್ಟಿ, ಲಿಬ್ರೆಆಫೀಸ್‌ನ ಕೋಷ್ಟಕ ತಂತ್ರಾಂಶವಾದ ಕ್ಯಾಲ್ಕ್‌ನಲ್ಲಿ ತೆರೆದದ್ದು. ಪರಿವರ್ತನೆಗೆ ಮುಂಚೆ ಆರೋಹಣ ಕ್ರಮ ಕೊಟ್ಟು ನೋಡಿದೆ. ‘ಯ’ದಿಂದ ಶುರುವಾಗುವ ಹೆಸರುಗಳು ‘ಅ’ಕ್ಕಿಂತ ಮೇಲೆ ಬಂದು ಕೂತವು. ನುಡಿಯಲ್ಲಿ ‘ಯ’ದ ಮೊದಲ ತುಂಡು ಸೊನ್ನೆಯ ಚಿತ್ರ, ಅದು ಕೂತಿರುವುದು ಇಂಗ್ಲಿಷ್ ದೊಡ್ಡ ಎ ಮನೆಯಲ್ಲಿ. ‘ಅ’ ಇರುವುದು ಸಿ ಮನೆಯಲ್ಲಿ. ಪರಿವರ್ತನೆ ಆದ ಮೇಲೆ ಭಾಷೆ ಕನ್ನಡ ಎಂದು ಆರಿಸಿ ಮತ್ತೆ ಕ್ರಮ ಕೊಟ್ಟೆ. ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಮೇಲಿಂದ ಕೆಳಗೆ ಬೆರಳಿಟ್ಟು ಓದಿದರು. ಅನಂತ, ಅನಸೂಯ, ಆನಂದ, ಇಂದಿರಾ.

“ಹಾಜರಿ ಪುಸ್ತಕದಲ್ಲಿ ಇದ್ದ ಹಾಗೇ ಇದೆ ಕಣೋ” ಅಂದರು.